ಎರಡನೇ ಸಲ ಬರೆದ ಹತ್ತು ಪುಟ

2024ರ ಫೆಬ್ರವರಿಯಲ್ಲಿ ನನ್ನ ಮೊದಲ ಅರ್ಜಿಯ ಫಲಿತಾಂಶ ಬಂತು. 100ಕ್ಕೆ 81 ಅಂಕ. ಅಂದರೆ ದುಡ್ಡಿಲ್ಲ.

ಅದು ಪಿಎಚ್‌ಡಿ ಮುಗಿಸಿದ ಸಂಶೋಧಕರಿಗೆ ಕೊಡುವ, ಮೇರಿ ಕ್ಯೂರಿ ಹೆಸರಿನ ಪೋಸ್ಟ್‌ಡಾಕ್ ಫೆಲೋಶಿಪ್. ಯುರೋಪಿಯನ್ ಒಕ್ಕೂಟ ತನ್ನ ಹೊರೈಜನ್ ಯುರೋಪ್ ಅನ್ನುವ ಸಂಶೋಧನಾ ಕಾರ್ಯಕ್ರಮದಿಂದ ಕೊಡುತ್ತದೆ. ಆ ಸಲ 8,039 ಅರ್ಜಿ ಬಂದಿದ್ದವು, ಸಿಕ್ಕಿದ್ದು 1,249 ಜನಕ್ಕೆ. ಪಿಎಚ್‌ಡಿಯಲ್ಲಿ ನಾನು ಗೌರಿಬಿದನೂರಿನ ರೇಡಿಯೋ ದೂರದರ್ಶಕಗಳ ದತ್ತಾಂಶ ಇಟ್ಟುಕೊಂಡು ಸೂರ್ಯನ ಸ್ಫೋಟಗಳನ್ನು ಓದಿದ್ದೆ. ಬೆಲ್ಜಿಯಂನ ಒಂದು ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ಬರು ನನ್ನನ್ನು ಸೇರಿಸಿಕೊಳ್ಳಲು ಒಪ್ಪಿದ್ದರು. ಇಷ್ಟಿದ್ದರೆ ಸಾಕು ಅಂದುಕೊಂಡಿದ್ದೆ.

ಸೋತ ಅರ್ಜಿಯಲ್ಲಿ ಭೌತಶಾಸ್ತ್ರ ಚೆನ್ನಾಗಿತ್ತು, ಈಗಲೂ ಹಾಗೇ ಅನ್ನಿಸುತ್ತದೆ. ಸೂರ್ಯನಿಂದ ಚಿಮ್ಮುವ ಪ್ಲಾಸ್ಮಾ (ವಿದ್ಯುದಾವೇಶದ ಬಿಸಿ ಅನಿಲ) ಮೋಡಗಳ ಒಳರಚನೆ ಹೇಗಿರುತ್ತದೆ ಅನ್ನುವುದೇ ಪೂರ್ತಿ ಹತ್ತು ಪುಟ. ಆದರೆ ಅಂಕದ ಪಾಲು ನೋಡಿ: ಸಂಶೋಧನೆಯ ಗುಣಕ್ಕೆ 50%, ಅದರಿಂದ ಏನು ಪ್ರಯೋಜನ ಅನ್ನುವುದಕ್ಕೆ 30%, ಹೇಗೆ ಮಾಡಿ ಮುಗಿಸುತ್ತೀರಿ ಅನ್ನುವುದಕ್ಕೆ 20%. ಆ 30ರಲ್ಲೇ ನಾನು ಬಿದ್ದಿದ್ದೆ. ‘ಫಲಿತಾಂಶವನ್ನು ಯಾರು ಬಳಸುತ್ತಾರೆ ಎಂಬುದು ಸ್ಪಷ್ಟವಿಲ್ಲ’ ಎಂಬರ್ಥದ ಒಂದು ಸಾಲನ್ನು ಅರ್ಜಿ ಓದಿದ ಪರಿಶೀಲಕರು ಬರೆದಿದ್ದರು. ಸಿಟ್ಟು ಬಂತು. ಎರಡು ವಾರ ಬಿಟ್ಟು ಓದಿದಾಗ ಸರಿಯಾಗೇ ಹೇಳಿದ್ದಾರೆ ಅನ್ನಿಸಿತು.

ಆಮೇಲೆ ಮೇ ತಿಂಗಳು ಬಂತು. 10ರ ರಾತ್ರಿ ಎರಡು ದಶಕಗಳಲ್ಲೇ ಅತಿ ಜೋರಾದ ಭೂಕಾಂತೀಯ ಬಿರುಗಾಳಿ (ಅಂದರೆ ಇಂಥ ಪ್ಲಾಸ್ಮಾ ಮೋಡಗಳು ಬಡಿದು ಭೂಮಿಯ ಕಾಂತಕ್ಷೇತ್ರ ಅಲುಗಾಡುವುದು), ನಮ್ಮ ಲಡಾಖ್‌ನ ಹಾನ್ಲೆಯಲ್ಲೂ ಆಕಾಶ ಕೆಂಪಾಯಿತು. ಎಲ್ಲರೂ ಫೋಟೋ ಹಾಕುತ್ತಿದ್ದರು. ನನ್ನ ತಲೆಯಲ್ಲಿ ಮಾತ್ರ ಸ್ವೀಡನ್ನಿನ ಮಾಲ್ಮೋ ಓಡುತ್ತಿತ್ತು. 2003ರ ಅಕ್ಟೋಬರ್ 30ರಂದು ಇಂಥದ್ದೇ ಬಿರುಗಾಳಿಗೆ ಆ ಊರಲ್ಲಿ ಸುಮಾರು 50,000 ಗ್ರಾಹಕರಿಗೆ ಕರೆಂಟು ಹೋಗಿತ್ತು. ನಾನು ಬರೆಯುತ್ತಿರುವ ವಿಷಯದ ಇನ್ನೊಂದು ತುದಿಯಲ್ಲಿ ಇರುವವರ ಜೊತೆ ಒಂದು ಸಲವೂ ಮಾತಾಡಿಲ್ಲವಲ್ಲ ಅನ್ನಿಸಿತು.

ಪ್ರೊಫೆಸರ್‌ಗೆ ಗೊತ್ತಿದ್ದ ಒಬ್ಬ ವಿದ್ಯುತ್ ಜಾಲದ ಎಂಜಿನಿಯರ್ ಜೊತೆ ಅರ್ಧ ಗಂಟೆ ವಿಡಿಯೋ ಕರೆ ಮಾಡಿದೆ. ನಿಮಗೆ ಏನು ಬೇಕು ಅಂತ ಕೇಳಿದೆ. ಬಿರುಗಾಳಿ ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದಕ್ಕಿಂತ, ನಾಳೆ ರಿಪೇರಿಗೆ ಅಂತ ಲೈನ್ ಬಂದ್ ಮಾಡಬೇಕೋ ಬೇಡವೋ ಅಂತ ಇವತ್ತು ಸಂಜೆಯೇ ಗೊತ್ತಾಗಬೇಕು ಅಂದರು. ಸುಳ್ಳು ಎಚ್ಚರಿಕೆ ಮೂರು ಸಲ ಬಂದರೆ ನಾಲ್ಕನೇ ಸಲ ಯಾರೂ ನೋಡುವುದಿಲ್ಲ ಅಂತಲೂ ಸೇರಿಸಿದರು. ನಮ್ಮೂರಲ್ಲಿ ಕಣದಲ್ಲಿ ರಾಗಿ ಹರಡಿದಾಗ ಅಪ್ಪನಿಗೆ ಬೇಕಾಗಿದ್ದೂ ಇದೇ ಅಲ್ವಾ. ಎಷ್ಟು ಮಿಲಿಮೀಟರ್ ಮಳೆ ಅಂತಲ್ಲ, ಟಾರ್ಪಾಲು ಎಳೆಯಬೇಕಾ ಬೇಡವಾ ಅಂತ.

ಅಲ್ಲಿಂದ ಇಡೀ ಅರ್ಜಿಯನ್ನು ಒಂದೇ ಒಂದು ಸಂಖ್ಯೆಯ ಸುತ್ತ ಕಟ್ಟಿದೆ. ಪ್ಲಾಸ್ಮಾ ಮೋಡದ ಒಳಗಿನ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕಾಂತಕ್ಷೇತ್ರದ ಬಾಗಿಲು ತೆರೆಯುತ್ತದೆ, ಉತ್ತರಕ್ಕಿದ್ದರೆ ಹೆಚ್ಚಿನ ಹಾನಿಯಿಲ್ಲದೆ ಹಾದು ಹೋಗುತ್ತದೆ. ಉತ್ತರ-ದಕ್ಷಿಣ ದಿಕ್ಕಿನ ಈ ಅಳತೆಗೆ ನಾವು ಬಿ-ಝಡ್ ಅನ್ನುತ್ತೇವೆ. ಮೋಡ ಹೊರಟಿದ್ದು ದೂರದಿಂದ ಕಾಣುತ್ತದೆ, ವೇಗವೂ ಅಂದಾಜಿಗೆ ಸಿಗುತ್ತದೆ. ದಿಕ್ಕು ಮಾತ್ರ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿ, ಅಳತೆಯ ನೌಕೆಗಳಿರುವ ಎಲ್1 ಬಿಂದು ದಾಟುವವರೆಗೆ ನಿಜವಾಗಿ ಗೊತ್ತಾಗುವುದಿಲ್ಲ, ಅಷ್ಟು ಹೊತ್ತಿಗೆ ಉಳಿಯುವುದು 15 ನಿಮಿಷದಿಂದ ಒಂದು ಗಂಟೆ. ನನ್ನ ಗುರಿ ಒಂದೇ ಸಾಲು: ದಕ್ಷಿಣಕ್ಕೆ ತಿರುಗಿರುವ ಸಾಧ್ಯತೆ ಎಷ್ಟು ಅಂತ 12 ಗಂಟೆ ಮುಂಚೆ ಹೇಳುವುದು, ಸುಳ್ಳು ಎಚ್ಚರಿಕೆ ಎಷ್ಟಾಗುತ್ತದೆ ಅನ್ನುವುದನ್ನೂ ಜೊತೆಗೆ ಕೊಡುವುದು. ಮೋಡ ಸೂರ್ಯನಿಂದ ಹೇಗೆ ಸಾಗಿ ಬರುತ್ತದೆ ಅಂತ ಲೆಕ್ಕ ಹಾಕುವ, ಯುರೋಪಿನಲ್ಲಿ ಬೆಳೆದ ಯೂಫೋರಿಯಾ ಅನ್ನುವ ಕಂಪ್ಯೂಟರ್ ಮಾದರಿ, ಅದಕ್ಕೆ ನಮ್ಮ ಆದಿತ್ಯ-ಎಲ್1 ನೌಕೆಯ ಕಾಂತಮಾಪಕದ ಅಳತೆ. ಭೌತಶಾಸ್ತ್ರ ಹೆಚ್ಚುಕಮ್ಮಿ ಹಳೆಯದೇ. ಬದಲಾಗಿದ್ದು ಅದು ಯಾರಿಗೆ ಅನ್ನುವುದು.

ಒಂದು ತೊಡಕಿತ್ತು. ನಾನು ಬರೆಯುವಾಗ ಆದಿತ್ಯದ ದತ್ತಾಂಶ ಇನ್ನೂ ಎಲ್ಲರಿಗೂ ತೆರೆದಿರಲಿಲ್ಲ. ಮುಚ್ಚಿಡಲಿಲ್ಲ. ಸಿಗದಿದ್ದರೆ ಏಸ್, ವಿಂಡ್, ಡಿಸ್ಕವರ್ ನೌಕೆಗಳ ಅಳತೆಯಲ್ಲೇ ಕೆಲಸ ಮುಗಿಸುತ್ತೇನೆ, ಕಳೆದುಕೊಳ್ಳುವುದು ಇಷ್ಟು ಅಂತ ನೇರವಾಗಿ ಬರೆದೆ. ಅದನ್ನೇ ಪರಿಶೀಲಕರು ಹೊಗಳಿದರು. (2025ರ ಜನವರಿಯಲ್ಲಿ ಇಸ್ರೋ ದತ್ತಾಂಶ ಬಿಡುಗಡೆ ಮಾಡಿದ ದಿನ ನನಗೆ ಹಬ್ಬ.)

ಬರೆಯುವವರಿಗೆ ಕೆಲವು ಮಾತು. ಏಪ್ರಿಲ್‌ನಲ್ಲಿ ಶುರುಮಾಡಿ, ಗಡುವು ಸೆಪ್ಟೆಂಬರ್. ಹತ್ತು ಪುಟ ದಾಟಿದ್ದನ್ನು ಯಾರೂ ಓದುವುದಿಲ್ಲ. ಓದುವವರೆಲ್ಲ ಸೂರ್ಯನ ಮೇಲೇ ಕೆಲಸ ಮಾಡಿದವರಾಗಿರಬೇಕು ಅಂತೇನಿಲ್ಲ, ಅದಕ್ಕೆ ನಾನು ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ ಗೆಳತಿಗೆ ಕೊಟ್ಟು ಓದಿಸಿದೆ. ಅವಳಿಗೆ ಅರ್ಥವಾಗದ ಕಡೆಯಲ್ಲೆಲ್ಲ ಮತ್ತೆ ಬರೆದೆ. ಗಡುವಿಗೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ನೀವು ಹೋಗಬೇಕೆಂದಿರುವ ದೇಶದಲ್ಲಿ ಇದ್ದಿರಬಾರದು, ಇದನ್ನು ಮೊದಲೇ ಲೆಕ್ಕ ಹಾಕಿ. ನನ್ನ ಸುತ್ತಿನಲ್ಲಿ 70ಕ್ಕಿಂತ ಕಡಿಮೆ ಅಂಕ ಬಂದರೆ ಮುಂದಿನ ವರ್ಷ ಅದೇ ಸಂಸ್ಥೆಯ ಜೊತೆ ಅರ್ಜಿ ಹಾಕಲು ಬಿಡುತ್ತಿರಲಿಲ್ಲ. ಹಾಗಾಗಿ ಸುಮ್ನೆ ಒಂದು ಸಲ ಹಾಕಿ ನೋಡೋಣ ಅನ್ನಬೇಡಿ.

ಎರಡನೇ ಸಲ 95.4 ಬಂತು. ಅಮ್ಮನಿಗೆ ಫೋನ್ ಮಾಡಿದಾಗ ಮಾತೇ ಹೊರಡಲಿಲ್ಲ.

ದುಡ್ಡಿನ ಬಗ್ಗೆ ಒಂದು ಎಚ್ಚರ. ನನ್ನ ಸುತ್ತಿನಲ್ಲಿ ತಿಂಗಳಿಗೆ 5,080 ಯೂರೋ ಜೀವನ ಭತ್ಯೆ ಅಂತ ಇತ್ತು, ಅದನ್ನು ಆಯಾ ದೇಶದ ಜೀವನವೆಚ್ಚದ ಸೂಚ್ಯಂಕದಿಂದ ಗುಣಿಸುತ್ತಾರೆ. ಅದು ಕೈಗೆ ಬರುವ ಸಂಬಳ ಅಲ್ಲ. ಸಂಸ್ಥೆ ಕಟ್ಟಬೇಕಾದ ವಿಮೆ, ನೀವು ಕಟ್ಟಬೇಕಾದ ತೆರಿಗೆ ಎರಡೂ ಅದರೊಳಗಿಂದಲೇ ಹೋಗುತ್ತವೆ. ಮನೆ ಬಾಡಿಗೆಗೆ ಒಪ್ಪಿಕೊಳ್ಳುವ ಮುಂಚೆ, ಎಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ ಅಂತ ಸಂಸ್ಥೆಯ ಕಚೇರಿಗೆ ಮೇಲ್ ಬರೆದು ಕೇಳಿ.