ಫುಲ್ ಟ್ಯಾಂಕ್ ಹಾಕಿಸಿದರೆ ಮಾತ್ರ ಆಫ್ ಆಗುತ್ತಿದ್ದ ಗಾಡಿ

ಸಕಲೇಶಪುರದಲ್ಲಿ ನನ್ನದು ಎರಡು ಗಾಡಿ ನಿಲ್ಲುವಷ್ಟು ಜಾಗದ ಶೆಡ್ಡು. ಕಳೆದ ಏಪ್ರಿಲ್‌ನಲ್ಲಿ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರು ಒಂದು ಪೆಟ್ರೋಲ್ ಕಾರು ತಂದು ನಿಲ್ಲಿಸಿದರು. 2014ರ ಗಾಡಿ, ಆಕ್ಸಿಲರೇಟರ್ ಒತ್ತಿದರೆ ತಂತಿ ಎಳೆಯುವ ಕೇಬಲ್ ಥ್ರಾಟಲ್. ಓಡುವಾಗ ಏನೂ ತೊಂದರೆ ಇಲ್ಲ. ಕ್ಲಚ್ ಒತ್ತಿ ನಿಲ್ಲಿಸಿದರೆ ಆರ್‌ಪಿಎಂ 800ರಿಂದ 500ಕ್ಕೆ ಇಳಿದು, ಎರಡು ಸಲ ನಡುಗಿ ಆಫ್. ಅದೂ ಯಾವಾಗಲೂ ಅಲ್ಲ. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಲೈಟ್ ಇಲ್ಲ, ಸ್ಕ್ಯಾನರಿನಲ್ಲಿ ದೋಷ ಹೇಳುವ ಕೋಡ್ ಇಲ್ಲ.

ನನ್ನ ಹತ್ತಿರ ಬರುವ ಹೊತ್ತಿಗೆ ಅವರ ಕೈಯಿಂದ ಸುಮಾರು 14 ಸಾವಿರ ಹೋಗಿತ್ತು. ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪು, ಎಲ್ಲ ಹೊಸದು. ಕೊನೆಗೆ ಒಬ್ಬರು "ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, 18 ಸಾವಿರ ಆಗುತ್ತೆ" ಅಂದಿದ್ದಾರೆ. ಆಗ ಹೆದರಿ ನನ್ನ ಹತ್ತಿರ ಬಂದರು.

ನಾನೇನು ಬುದ್ಧಿವಂತಿಕೆ ತೋರಿಸಿದೆ ಅಂದುಕೊಳ್ಳಬೇಡಿ. ಎಲ್ಲರೂ ಮಾಡುವುದನ್ನೇ ಮಾಡಿದೆ. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬಿಚ್ಚಿ ತೊಳೆದೆ, ಆಕ್ಸಿಲರೇಟರ್ ಬಿಟ್ಟಾಗ ಗಾಳಿ ಹೊಂದಿಸುವ ಐಡಲ್ ಮೋಟರನ್ನು ಗುಜರಿಯಿಂದ ತಂದು ಹಾಕಿದೆ. ಬಿಲ್ಲು 2300ರ ಆಸುಪಾಸು. ಗಾಡಿ ನಿಲ್ಲಿಸಿಯೇ ಇಂಜಿನ್ ಓಡಲಿ ಅಂತ ಒಂದು ಗಂಟೆ ಐಡ್ಲಿಂಗ್‌ನಲ್ಲಿ ಬಿಟ್ಟೆ, ಗಡಿಯಾರದ ಹಾಗೆ ನಿಂತಿತ್ತು. ಮೂರನೇ ದಿನ ಘಾಟಿ ಕೆಳಗಿನ ಗುಂಡ್ಯದಿಂದ ರೈಟರ ಫೋನು. "ಎಂಥ ಮಾರಾಯ, ಶಿರಾಡಿ ಇಳಿಯುವಷ್ಟರಲ್ಲಿ ನಾಲ್ಕು ಸಲ ಆಫ್ ಆಯ್ತು!" ಆ ದಿನ ಊಟ ಸೇರಲಿಲ್ಲ.

ಗಾಡಿ ವಾಪಸ್ ಬಂತು. ಇಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿದರೆ ಮುಳ್ಳು 16 ಇಂಚಿನಲ್ಲಿ ನಿಂತಿದೆ. ಗೇಜಿನ ಜೊತೆ ಬಂದ ಚೀಟಿಯಲ್ಲಿ 18ರಿಂದ 21 ಅಂತಿದೆ. ಸಿಕ್ಕಿತು, ಎಲ್ಲೋ ಲೀಕಿನಿಂದ ಗಾಳಿ ಎಳೀತಿದೆ ಅಂತ ಇಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಬಿಚ್ಚಿ ಗ್ಯಾಸ್ಕೆಟ್ ಬದಲಾಯಿಸಿದೆ. ಅರ್ಧ ದಿನದ ಕೆಲಸ. ಮತ್ತೆ ಹಾಕಿದರೆ ಅದೇ 16. ಬೇಜಾರಾಗಿ ನನ್ನ ಸ್ವಂತ ಗಾಡಿಗೆ ಹಾಕಿ ನೋಡಿದೆ, ಅದರಲ್ಲೂ 16 ಚಿಲ್ಲರೆ! ಆಗ ಹೊಳೆಯಿತು. ಚೀಟಿಯ ಲೆಕ್ಕ ಸಮುದ್ರ ಮಟ್ಟದ್ದು. ನಮ್ಮೂರು ಹೆಚ್ಚುಕಮ್ಮಿ 3000 ಅಡಿ ಮೇಲಿದೆ. ಸಾವಿರ ಅಡಿಗೆ ಒಂದು ಇಂಚು ಕಳೆಯಬೇಕು. ಮಂಗಳೂರಿನವರಿಗೆ ಕಾಯಿಲೆಯಾದ ಗಾಡಿ ನಮಗೆ ಗಟ್ಟಿಮುಟ್ಟಾದ ಗಾಡಿ.

ಅಲ್ಲಿಗೂ ಬಿಡಲಿಲ್ಲ, ಲೀಕ್ ಇದ್ದ ಕಡೆ ಹೊರಗೆ ಬರಲಿ ಅಂತ ಗಾಳಿ ದಾರಿಯೊಳಗೆ ಹೊಗೆ ಬಿಟ್ಟು ನೋಡಿದೆ. ಹೊಗೆ ಮೆಷೀನಿಗೆ ಸಾವಿರಾರು ರೂಪಾಯಿ ಯಾರು ಕೊಡುತ್ತಾರೆ? ಒಂದು ಪೇಂಟ್ ಡಬ್ಬ, ಕರೆಂಟ್ ಕೊಟ್ಟರೆ ಕೆಂಡದ ಹಾಗೆ ಕಾಯುವ ಡೀಸೆಲ್ ಗಾಡಿಯ ಹಳೇ ಗ್ಲೋ ಪ್ಲಗ್, ಹತ್ತಿ, ಸೈಕಲ್ ಪಂಪು. ಬೇಬಿ ಆಯಿಲ್ ಇರಲಿಲ್ಲ, ಮನೆಯ ಕೊಬ್ಬರಿ ಎಣ್ಣೆ ಹಾಕಿದೆ. ಇಡೀ ಶೆಡ್ಡು ಹಪ್ಪಳ ಕರಿದ ಹಾಗೆ ಘಮ್ ಅಂತು, ಪಕ್ಕದ ಟೈಲರ್ ಬಂದು "ಏನ್ ಸ್ಪೆಷಲ್ಲು ಇವತ್ತು?" ಅಂದ. ಹೊಗೆ ಮಾತ್ರ ಎಲ್ಲೂ ಹೊರಗೆ ಬರಲಿಲ್ಲ. (ಬೇಗ ಹೊತ್ತಿಕೊಳ್ಳುವ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಲೀಕ್ ಹುಡುಕುವುದನ್ನು ನಾನು ಬಿಟ್ಟು ವರ್ಷಗಳಾದವು. ಒಮ್ಮೆ ಅದು ಸೈಲೆನ್ಸರ್ ಕಡೆಯ ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದು ಹುಬ್ಬು ಸುಟ್ಟುಕೊಂಡಿದ್ದೇನೆ.)

ದಾರಿ ತೋರಿಸಿದ್ದು ರೈಟರ ಬಾಯಿಂದ ಸುಮ್ನೆ ಬಿದ್ದ ಒಂದು ಮಾತು. "ಟ್ಯಾಂಕ್ ಅರ್ಧ ಇದ್ದರೆ ಚೆನ್ನಾಗಿ ಓಡುತ್ತೆ. ಘಾಟಿ ಇಳಿಯೋ ದಿನ ಫುಲ್ ಮಾಡಿಸ್ತೀನಲ್ಲ, ಆವತ್ತೇ ಕೈ ಕೊಡೋದು." ನಾನು ತಕ್ಷಣ ಅವರನ್ನು ಕೂರಿಸಿಕೊಂಡು ಬಂಕಿಗೆ ಹೋದೆ. ನಾಝಲ್ ಟಕ್ ಅಂತ ಕಟ್ ಆಯಿತು. ರೈಟರು ಕಿಟಕಿಯಿಂದ ಕೈ ಹೊರಗೆ ಹಾಕಿ, "ಇನ್ನೂ ಸ್ವಲ್ಪ ಹಾಕಪ್ಪ, ರೌಂಡ್ ಫಿಗರ್ ಮಾಡು" ಅಂದರು. ಹುಡುಗ ಮತ್ತೆ ಮೂರು ಸಲ ಒತ್ತಿದ. ಪೆಟ್ರೋಲು ಕುತ್ತಿಗೆವರೆಗೆ ಬಂತು. ಶೆಡ್ಡಿಗೆ ಬರುವಷ್ಟರಲ್ಲಿ ಎರಡು ಸಲ ಆಫ್!

900 ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದೆ. ಟ್ರಿಮ್ ಅಂದರೆ ಇಸಿಎಂ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ. ಐಡ್ಲಿಂಗ್‌ನಲ್ಲಿ ಶಾರ್ಟ್, ಲಾಂಗ್ ಎರಡೂ ಟ್ರಿಮ್ ಕೂಡಿಸಿದರೆ ಮೈನಸ್ 22ರ ಹತ್ತಿರ. ಆರ್‌ಪಿಎಂ 2500ಕ್ಕೆ ಏರಿಸಿದರೆ ಮೈನಸ್ 4. ಇಸಿಎಂ ಪಾಪ ಪೆಟ್ರೋಲ್ ಕಡಿಮೆ ಮಾಡುತ್ತಾ ಇದೆ, ಆದರೂ ಎಲ್ಲಿಂದಲೋ ಬರುತ್ತಲೇ ಇದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿದ್ದರೆ ಟ್ಯಾಂಕಿನ ಮಟ್ಟಕ್ಕೂ ಅದಕ್ಕೂ ಏನು ಸಂಬಂಧ? ಉಳಿದಿದ್ದು ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಬೇಕಾದಾಗ ಮಾತ್ರ ಇಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್.

ಹಾಗೆ ನೋಡಿದರೆ ಅದನ್ನು ಮೊದಲ ದಿನವೇ ಬಿಚ್ಚಿ ಬಾಯಲ್ಲಿ ಊದಿದ್ದೆ. ಗಾಳಿ ದಾಟಿರಲಿಲ್ಲ, ಸರಿ ಇದೆ ಅಂತ ಬಿಟ್ಟಿದ್ದೆ. ಅಲ್ಲೇ ತಪ್ಪಿದ್ದು. ಈ ಸಲ ಬಿಚ್ಚಲಿಲ್ಲ. ನೋಸ್ ಪ್ಲೈಯರ್ ಬಾಯಿಗೆ ಹಳೇ ಟ್ಯೂಬಿನ ರಬ್ಬರ್ ಸುತ್ತಿ, ಇಂಜಿನ್ ಓಡುತ್ತಿರುವಾಗಲೇ ಕ್ಯಾನಿಸ್ಟರ್‌ನಿಂದ, ಅಂದರೆ ಟ್ಯಾಂಕಿನ ಆವಿ ಹಿಡಿದಿಡುವ ಡಬ್ಬದಿಂದ, ವಾಲ್ವಿಗೆ ಬರುವ ಪೈಪನ್ನು ಅಮುಕಿದೆ. ಅದೇ ಹೊತ್ತಿಗೆ ಬಂದ ಹಿರಿಯ ಮೆಕ್ಯಾನಿಕ್ ಒಬ್ಬರು, "ಲೋ, ಏಡಿ ಹಿಡಿಯೋ ಹಾಗೆ ಪೈಪ್ ಹಿಡ್ಕೊಂಡು ಕೂತಿದ್ದೀಯಲ್ಲೋ! ಇಸಿಎಂ ಬದಲಾಯಿಸಿ ಕಳಿಸು" ಅಂದರು. ನಾನು ಮಾತಾಡಲಿಲ್ಲ. ಹತ್ತೇ ಸೆಕೆಂಡಿನಲ್ಲಿ ನಡುಕ ನಿಂತಿತು. ಮೊಬೈಲ್ ಪರದೆಯಲ್ಲಿ ಮೈನಸ್ 22, 15, 9 ಅಂತ ಮೇಲೆ ಬಂತು. ಪ್ಲೈಯರ್ ಬಿಟ್ಟೆ, ಧಡ್ ಧಡ್ ಅಂದು ಆಫ್. ಅವರ ಕಣ್ಣೆದುರೇ ಐದು ಸಲ ಹಿಡಿದು ಬಿಟ್ಟು ತೋರಿಸಿದೆ. ಆಮೇಲೆ ಅವರೇ ಬಂದು ಪೈಪ್ ಮುಟ್ಟಿ ನೋಡಿದರು.

ವಾಲ್ವ್ ಬಿಚ್ಚಿ ಬಿಳಿ ಕಾಗದದ ಮೇಲೆ ಕುಟ್ಟಿದೆ. ಸಾಸಿವೆಗಿಂತ ಸಣ್ಣ ಕಪ್ಪು ಕಾಳು ಉದುರಿದವು. ರೈಟರು ಬಗ್ಗಿ ನೋಡಿ "ಕಾಫಿ ಪುಡಿ ಇದ್ದ ಹಾಗಿದೆಯಲ್ಲ" ಅಂದರು. ಕ್ಯಾನಿಸ್ಟರ್ ಒಳಗಿನ ಇದ್ದಿಲು ಅದು. ರೌಂಡ್ ಫಿಗರ್ ಮಾಡಿಸಿ ಮಾಡಿಸಿ ಹಸಿ ಪೆಟ್ರೋಲೇ ಅದರೊಳಗೆ ಹೋಗಿದೆ, ಇದ್ದಿಲು ಪುಡಿಯಾಗಿ ವಾಲ್ವಿನ ಬಾಯಲ್ಲಿ ಕೂತಿದೆ. ಕಾಳು ಅಡ್ಡ ಬಂದರೆ ಸೋರುತ್ತದೆ, ಜಾರಿದರೆ ಮುಚ್ಚುತ್ತದೆ. ನಾನು ಊದಿದ ದಿನ ಮುಚ್ಚಿತ್ತು. ಟ್ಯಾಂಕ್ ಅರ್ಧ ಇದ್ದಾಗ ಸೋರಿದರೂ ಬರುವುದು ಬರೀ ಗಾಳಿ, ಅದನ್ನು ಐಡಲ್ ಮೋಟರ್ ಸುಧಾರಿಸಿಕೊಳ್ಳುತ್ತದೆ. ಫುಲ್ ಇದ್ದಾಗ ಪೆಟ್ರೋಲ್ ಆವಿ ನುಗ್ಗುತ್ತದೆ. ಹೊಗೆ ಬಿಟ್ಟಾಗ ಯಾಕೆ ಕಾಣಲಿಲ್ಲ ಅಂದರೆ, ವಾಲ್ವ್ ಮುಚ್ಚಿಕೊಂಡಿತ್ತೋ ಅಥವಾ ಇದ್ದಿಲೇ ಹೊಗೆ ನುಂಗಿತೋ, ಎರಡರಲ್ಲೊಂದು ಇರಬೇಕು.

ಹೊಸ ವಾಲ್ವ್ 1400 ಚಿಲ್ಲರೆ ಆಯಿತು. ಗುಜರಿಯಲ್ಲಿ 350ಕ್ಕೆ ಸಿಗುತ್ತಿತ್ತು, ಆದರೆ ಇದಕ್ಕೆ ಹಳೇದು ಬೇಡ. ಕ್ಯಾನಿಸ್ಟರ್ ಹೊಸದು ಹಾಕಿದರೆ ಬಿಲ್ಲು ಏರುತ್ತದೆ, ನಾನು ಹಳೆಯದನ್ನೇ ಸರಿ ಮಾಡಿದೆ. ಅದನ್ನು ಹೇಗೆ ಒಣಗಿಸಿ, ಪುಡಿ ಮತ್ತೆ ಬರದ ಹಾಗೆ ಮಾಡಿದೆ ಅನ್ನುವುದನ್ನು ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಲೇಬರ್ 500 ತಗೊಂಡೆ. ಗ್ಯಾಸ್ಕೆಟ್ ಖರ್ಚು ನನ್ನ ಮೈಮೇಲೆ ಬಂತು. ಐಡಲ್ ಮೋಟರ್ ದುಡ್ಡು ವಾಪಸ್ ಕೊಡಲಿಲ್ಲ, ಅವರೂ ಕೇಳಲಿಲ್ಲ.

ಆಮೇಲೆ ಇದೇ ಕಾಯಿಲೆಯ ಆರೇಳು ಗಾಡಿ ಬಂದವು. ನಾಲ್ಕು ನಿಜವಾಗಿ ಪರ್ಜ್ ವಾಲ್ವೇ, ಉಳಿದವು ಬೇರೆ. ಈಗ ಐಡ್ಲಿಂಗ್ ಅಂತ ಬಂದವರಿಗೆ ನನ್ನ ಮೊದಲ ಪ್ರಶ್ನೆ ಪೆಟ್ರೋಲ್ ಎಷ್ಟಿದೆ ಅನ್ನುವುದೇ. ಹಿರಿಯರು ಮೊನ್ನೆ ಹುಡುಗನನ್ನು ಕಳಿಸಿ, ರಬ್ಬರ್ ಸುತ್ತಿದ ಆ ಪ್ಲೈಯರ್ ಒಂದು ಗಂಟೆಗೆ ಬೇಕು ಅಂತ ತರಿಸಿಕೊಂಡರು. ಹತ್ತು ದಿನವಾಯಿತು, ಇನ್ನೂ ವಾಪಸ್ ಬಂದಿಲ್ಲ.