ಹತ್ತನೇ ಕ್ಲಾಸು ಮುಗಿದ ಮೇಲಿನ ಎರಡು ತಿಂಗಳು

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಬೆಟ್ಟದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರ್. ನಮ್ಮ ಮಕ್ಕಳಲ್ಲಿ ಬುಡಕಟ್ಟಿನ ಸೋಲಿಗರೇ ಜಾಸ್ತಿ. ಬೇಡಗಂಪಣ ಸಮುದಾಯದವರೂ ಇದ್ದಾರೆ. ಪೋಡು, ದೊಡ್ಡಿ ಎನ್ನುವ ಸಣ್ಣ ಹಟ್ಟಿಗಳಿಂದ ಕಾಡಿನ ದಾರಿಯಲ್ಲಿ ನಡೆದು ಬರುತ್ತಾರೆ. ಬೆಳಿಗ್ಗೆ ಆನೆ ಕಂಡರೆ ಅವತ್ತು ಅರ್ಧ ಕ್ಲಾಸು ಖಾಲಿ.

ಈ ಮಕ್ಕಳು ಕಾಲೇಜಿಗೆ ಹೋಗುವುದಿಲ್ಲ, ಇಲ್ಲಿನ ಅಪ್ಪ ಅಮ್ಮಂದಿರಿಗೆ ಓದು ಬೇಕಾಗಿಲ್ಲ ಎಂದು ಪಟ್ಟಣದ ಕಡೆ ಸುಲಭವಾಗಿ ಹೇಳಿಬಿಡುತ್ತಾರೆ. ಮನೆಮನೆಗೆ ಹೋದವಳಾಗಿ ನಾನು ಇದನ್ನು ಒಪ್ಪುವುದಿಲ್ಲ. "ಓದ್ಲಿ ಟೀಚರಮ್ಮ, ನಮ್ಮಂಗೆ ಆಗೋದು ಬ್ಯಾಡ" ಎನ್ನುವವರೇ ಜಾಸ್ತಿ. ಆದರೂ ಜುಲೈ ಹೊತ್ತಿಗೆ ಆ ಮನೆಯ ಹುಡುಗ ಕಾಲೇಜಿನಲ್ಲಿ ಇರುತ್ತಿರಲಿಲ್ಲ. ಮೇ, ಜೂನ್ ಎರಡು ತಿಂಗಳಲ್ಲೇ ನಾವು ಮಕ್ಕಳನ್ನು ಕಳೆದುಕೊಳ್ಳುತ್ತಿದ್ದೆವು. ನನ್ನ ಕೆಲಸವೆಲ್ಲ ಆ ಎರಡು ತಿಂಗಳ ಸುತ್ತಲೇ ನಡೆಯಿತು.

ಆಗ ಬೆಟ್ಟದಲ್ಲಿ ಏನಾಗುತ್ತದೆ ನೋಡಿ. ಪರೀಕ್ಷೆ ಮುಗಿದ ತಕ್ಷಣ ಹುಡುಗರು ಕೂಲಿಗೆ ಹೋಗುತ್ತಾರೆ. ಕೊಡಗು, ವಯನಾಡಿನ ಕಡೆ ಶುಂಠಿ ನಾಟಿಯ ಕಾಲ ಅದು. ಇನ್ನು ಕೆಲವರು ತಿರುಪ್ಪೂರಿನ ಬಟ್ಟೆ ಕಾರ್ಖಾನೆಗೆ. ಮೇಸ್ತ್ರಿ ಪೋಡಿಗೇ ಬಂದು ಮುಂಗಡ ಕೊಟ್ಟು ಹೋಗುತ್ತಾನೆ. ಮನೆಯಲ್ಲಿ ದುಡ್ಡೇ ಇಲ್ಲದ ತಿಂಗಳಲ್ಲಿ ಕೈಗೆ ಬರುವ ದುಡ್ಡು ಅದೊಂದೇ. ರಿಸಲ್ಟ್ ಬರುವುದು ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಎಷ್ಟೋ ಪೋಡುಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ತಾನು ಪಾಸಾದದ್ದು ಶುಂಠಿ ಹೊಲದಲ್ಲಿರುವ ಹುಡುಗನಿಗೆ ಗೊತ್ತಾಗುವ ಹೊತ್ತಿಗೆ ಅಡ್ಮಿಷನ್ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ. ಗೊತ್ತಾದರೂ ಮುಂಗಡ ತೀರಿಸದೆ ಬರುವ ಹಾಗಿಲ್ಲ. ಒಂದು ವರ್ಷ ಹೀಗೆ ಹೋದರೆ ಮುಂದಿನ ವರ್ಷ ಅವನು ಮತ್ತೆ ಪುಸ್ತಕ ಹಿಡಿಯುವುದು ತೀರಾ ಅಪರೂಪ.

ಆದ್ದರಿಂದ ಕೆಲಸವನ್ನು ಒಂಬತ್ತನೇ ಕ್ಲಾಸಿನಲ್ಲೇ ಶುರು ಮಾಡಿದೆವು. ಅದೂ ಹೆಸರಿನಿಂದ. ಮಾದಪ್ಪನ ಬೆಟ್ಟದ (ಮಲೆ ಮಹದೇಶ್ವರ ಬೆಟ್ಟ) ಸುತ್ತ ಮಾದ, ಮಾದೇಶ, ಮಹದೇವ, ಮಾದಮ್ಮ, ಮಾದೇವಿ ಎಂಬ ಹೆಸರುಗಳೇ ತುಂಬಿವೆ. ಮನೆಯಲ್ಲಿ ಮಾದ, ಶಾಲೆಯ ದಾಖಲೆಯಲ್ಲಿ ಮಾದೇಶ, ಆಧಾರ್‌ನಲ್ಲಿ ಮಹದೇವ. ಅಪ್ಪನ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ಥರ, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು ಥರ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1. ಹತ್ತನೇ ಕ್ಲಾಸಿನವರೆಗೆ ಇದರಿಂದ ಅಷ್ಟಾಗಿ ತೊಂದರೆ ಕಾಣುವುದಿಲ್ಲ. ಕಾಲೇಜಿನ ಸ್ಕಾಲರ್‌ಶಿಪ್ಪಿಗೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ವೆಬ್‌ಸೈಟಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಕೂತಾಗಲೇ ಗೊತ್ತಾಗುವುದು. ದಾಖಲೆಗಳಲ್ಲಿ ಹೆಸರು ಹೊಂದದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ಅದರಲ್ಲಿ ಹೆಸರು ತಿದ್ದಿಸುವುದು ದೊಡ್ಡ ಅಲೆದಾಟ. ಅದಕ್ಕೇ ಪರೀಕ್ಷೆಗೆ ನೋಂದಾಯಿಸುವ ಮೊದಲೇ, ಒಂಬತ್ತನೇ ಕ್ಲಾಸಿನಲ್ಲೇ, ಪ್ರತಿ ಮಗುವಿನ ದಾಖಲೆ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ ಬದಲಿಸಬಹುದು, ಹುಟ್ಟಿದ ದಿನಾಂಕವನ್ನು ಒಂದೇ ಸಲ. ಹಾಗಾಗಿ ಮೊದಲು ಶಾಲೆಯ ದಾಖಲೆ ಸರಿಯಾಗಿದೆಯಾ ಎಂದು ಖಾತ್ರಿ ಮಾಡಿಕೊಂಡು, ಅದಕ್ಕೆ ತಕ್ಕಂತೆ ಆಧಾರ್ ತಿದ್ದಿಸುತ್ತೇವೆ.

ಜಾತಿ, ಆದಾಯ ಪ್ರಮಾಣಪತ್ರಗಳೂ ಹಾಗೇ. ನಾಡಕಚೇರಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ಸರ್ವರ್ ಇಲ್ಲ ಎಂದರೆ ಇನ್ನೊಂದು ದಿನ. ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿಕೊಂಡು ಶಾಲೆಯಲ್ಲೇ ಎಲ್ಲರ ಅರ್ಜಿ ಒಟ್ಟಿಗೆ ತುಂಬಿ ಕಳಿಸುವ ಏರ್ಪಾಡು ಮಾಡಿಕೊಂಡೆವು. ಆದಾಯ ಪತ್ರ ಐದು ವರ್ಷ ನಡೆಯುತ್ತದೆ. ಒಂಬತ್ತನೇ ಕ್ಲಾಸಿನಲ್ಲಿ ಮಾಡಿಸಿದರೆ ಪಿಯುಸಿ ಮುಗಿಯುವವರೆಗೂ ಚಿಂತೆ ಇಲ್ಲ. ಪತ್ರದ ಮೇಲಿನ ಆರ್‌ಡಿ ನಂಬರನ್ನು, ಅಂದರೆ ಆ ಪತ್ರದ ಗುರುತಿನ ಸಂಖ್ಯೆಯನ್ನು, ಮಕ್ಕಳು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಬೇಕು. ಆನೆ ಬಂದು ಗುಡಿಸಲು ಕೆಡವಿದಾಗ ಕಾಗದವೆಲ್ಲ ಮಣ್ಣಾದ ಮನೆಗಳಿವೆ. ನಂಬರ್ ಇದ್ದರೆ ಪತ್ರ ಮತ್ತೆ ತೆಗೆಸಬಹುದು.

ಬ್ಯಾಂಕ್ ಖಾತೆಗೆ ನಾವು ಹಿಡಿದದ್ದು ಪೋಸ್ಟ್‌ಮ್ಯಾನ್ ಅವರನ್ನು. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನು ಅವರೇ ಬಂದು ಬೆರಳಚ್ಚು ಪಡೆದು ತೆರೆಯುತ್ತಾರೆ, ಆಧಾರ್ ಜೋಡಣೆಯನ್ನೂ ಮಾಡುತ್ತಾರೆ. ಸ್ಕಾಲರ್‌ಶಿಪ್ ಹಣ ಆಧಾರ್ ಜೋಡಿಸಿದ ಖಾತೆಗೇ ಹೋಗುವುದು. ಯಾವತ್ತೋ ತೆರೆದು ಮರೆತ ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ಹಣ ಅಲ್ಲಿಗೇ ಹೋಗುತ್ತದೆ, ಅಥವಾ ವಾಪಸ್ ಆಗುತ್ತದೆ. ಇದನ್ನು ಮೊದಲೇ ನೋಡಿಕೊಳ್ಳಬೇಕು.

ಇಷ್ಟಾದ ಮೇಲೆ ರಿಸಲ್ಟ್ ದಿನ. ವಾಟ್ಸಾಪ್ ಗುಂಪು ಇಲ್ಲಿ ನಡೆಯುವುದಿಲ್ಲ. ಸುದ್ದಿ ಹೋಗುವುದು ನ್ಯಾಯಬೆಲೆ ಅಂಗಡಿಯಿಂದ, ಆಶಾ ಕಾರ್ಯಕರ್ತೆಯಿಂದ, ಬಸ್ ಕಂಡಕ್ಟರ್‌ನಿಂದ. ರೇಷನ್ ಕೊಡುವ ದಿನ ಸುತ್ತಿನ ಪೋಡಿನವರೆಲ್ಲ ಒಂದೇ ಕಡೆ ಸೇರುತ್ತಾರಲ್ವಾ, ನಾವೂ ಅಲ್ಲೇ ಮೇಜು ಹಾಕಿ ಕೂರುತ್ತೇವೆ. ಅಂಕಪಟ್ಟಿಯ ಪ್ರಿಂಟ್, ಕಾಲೇಜಿನ ಅರ್ಜಿ, ಹಾಸ್ಟೆಲ್ ಅರ್ಜಿ ಎಲ್ಲ ಅಲ್ಲೇ.

ಫೇಲಾದವರ ಮನೆಗೆ ಮಾತ್ರ ನಾನೇ ಮೊದಲು ಹೋಗುತ್ತೇನೆ. ಪಾಸಾದವರು ಒಂದು ವಾರ ಕಾಯಬಹುದು, ಫೇಲಾದವರು ಕಾಯುವುದಿಲ್ಲ. ಮರುದಿನವೇ ಬಸ್ ಹತ್ತಿರುತ್ತಾರೆ. ಎಷ್ಟೋ ಮಕ್ಕಳು ಗಣಿತ, ಇಂಗ್ಲಿಷ್ ಎರಡರಲ್ಲೇ ನಿಲ್ಲುವುದು. ಶಿವರಾತ್ರಿ, ಯುಗಾದಿ ಎರಡೂ ಜಾತ್ರೆ ಪರೀಕ್ಷೆಯ ಆಸುಪಾಸಿನಲ್ಲೇ ಬರುತ್ತವೆ. ಬೆಟ್ಟದಲ್ಲಿ ಅಂಗಡಿ, ಹೋಟೆಲ್ ಕೆಲಸಕ್ಕೆ ಹುಡುಗರು ಬೇಕು. ಓದುವ ದಿನಗಳು ಅಲ್ಲೇ ಹೋಗುತ್ತವೆ. ಫೇಲಾದವರಿಗೆ ಮತ್ತೊಂದು ಪರೀಕ್ಷೆ ಮೊದಲೂ ಇತ್ತು. ಆದರೆ 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಬರೆಯಬಹುದಾದ ಪರೀಕ್ಷೆ 1, 2, 3 ಎಂಬ ಪದ್ಧತಿ ಬಂದ ಮೇಲೆ ಮನೆಯವರಿಗೆ ಹೇಳುವುದು ಸುಲಭವಾಯಿತು. "ಫೇಲಾಗಿಲ್ಲಮ್ಮ, ಎರಡನೇ ಸಲ ಬರೆಯೋದಿದೆ" ಎಂದರೆ ತಾಯಂದಿರು ಕೇಳುತ್ತಾರೆ. ಆ ದಿನಗಳಲ್ಲಿ ಹುಡುಗರು ಶಾಲೆಯಲ್ಲೇ ಉಳಿದು ಓದುತ್ತಾರೆ. ಅಕ್ಕಿ, ರಾಗಿ ಮನೆಯಿಂದ ತರುತ್ತಾರೆ. ಗಣಿತದ ಮೇಷ್ಟ್ರು ಬೇಸಿಗೆ ರಜೆ ಬಿಟ್ಟು ಬರುತ್ತಾರೆ. ಅವರಿಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಅಡ್ಡಿ ಬೇರೆ. ಅಲ್ಲಿರುವುದು ಭಯ. ಮಾದಪ್ಪನ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರ್. ಮಗಳು ಎಲ್ಲಿ ಮಲಗುತ್ತಾಳೆ, ಬಾಗಿಲಿಗೆ ಚಿಲಕ ಇದೆಯಾ, ಹುಷಾರಿಲ್ಲ ಅಂದ್ರೆ ಯಾರು ನೋಡುತ್ತಾರೆ. ತಾಯಿ ಕೇಳುವುದು ಇದನ್ನೇ. ನಾನು ಎಷ್ಟು ಬಾಯಿಮಾತಲ್ಲಿ ಹೇಳಿದರೂ ಪ್ರಯೋಜನವಿಲ್ಲ, ಅವರೇ ನೋಡಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಜನ ದೇವಸ್ಥಾನಕ್ಕೆ ಹೋಗಲು ಅದನ್ನು ಬಳಸಿದರೆ ನಾವು ಹಾಸ್ಟೆಲ್ ನೋಡಲು ಬಳಸಿದೆವು. ತಾಯಂದಿರನ್ನು ಗುಂಪಾಗಿ ಕರೆದುಕೊಂಡು ಹೋದೆ. ಅವರು ಅಡುಗೆಮನೆಗೆ ನುಗ್ಗಿ ಸಾರಿನ ಪಾತ್ರೆ ಮುಚ್ಚಳ ತೆಗೆದು ನೋಡಿದರು. ಬಚ್ಚಲಿಗೆ ನೀರು ಬರುತ್ತದಾ ಎಂದು ನಲ್ಲಿ ತಿರುಗಿಸಿದರು. ವಾರ್ಡನ್ ಮೇಡಂ ನಂಬರ್ ಬರೆಸಿಕೊಂಡರು. ಒಂದು ಹಾಸ್ಟೆಲ್‌ನಲ್ಲಿ ಹೆಣ್ಣುಮಕ್ಕಳ ಬಚ್ಚಲಿಗೆ ಬಾಗಿಲು ಸರಿ ಇರಲಿಲ್ಲ. ಒಬ್ಬ ತಾಯಿ ಅಲ್ಲೇ ನಿಂತು "ಇದನ್ನ ಮಾಡ್ಸಿ, ಆಮೇಲೆ ನನ್ನ ಕೂಸನ್ನ ಕಳುಸ್ತೀನಿ" ಎಂದರು. ಬಾಗಿಲು ಆಯಿತು, ಹುಡುಗಿ ಬಂದಳು. ಆಕೆಯ ಪೋಡಿನಿಂದ ಪಿಯುಸಿ ಸೇರಿದ ಮೊದಲ ಹೆಣ್ಣುಮಗಳು ಅವಳು. ನಾನು ಮಾಡಿದ ಕೆಲಸಗಳಲ್ಲಿ ಯಾವುದು ಹೆಚ್ಚು ಫಲ ಕೊಟ್ಟಿತು ಎಂದು ಕೇಳಿದರೆ ತಾಯಂದಿರನ್ನು ಕರೆದುಕೊಂಡು ಹೋದದ್ದು ಎನ್ನುತ್ತೇನೆ.

ಹಾಸ್ಟೆಲ್ ಅರ್ಜಿಯಲ್ಲಿ ಒಂದು ವಿಷಯ ಗಮನಿಸಿ. ಸೋಲಿಗರು ಪರಿಶಿಷ್ಟ ಪಂಗಡ. ಬೇಡಗಂಪಣರು ಆ ಪಟ್ಟಿಯಲ್ಲಿ ಇಲ್ಲ. ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಗೆಳತಿಯರು ಬೇರೆಬೇರೆ ಇಲಾಖೆಗೆ ಅರ್ಜಿ ಹಾಕಬೇಕು. ಹಿಂದುಳಿದ ವರ್ಗದ ಹಾಸ್ಟೆಲ್‌ನಲ್ಲಿ ಸೀಟು ಸಿಗದಿದ್ದರೆ ಊಟ, ವಸತಿಗೆ ಹಣ ಕೊಡುವ ವಿದ್ಯಾಸಿರಿ ಯೋಜನೆಗೆ ಹಾಕಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ದುಡ್ಡಿನ ಮಾತಿಗೆ ಬರುತ್ತೇನೆ. ಸ್ಕಾಲರ್‌ಶಿಪ್ ಬರುತ್ತದೆ, ಆದರೆ ತಡವಾಗಿ. ಶುಲ್ಕ, ಪುಸ್ತಕ, ಒಂದು ಜೊತೆ ಬಟ್ಟೆ, ಟ್ರಂಕು ಇವೆಲ್ಲ ಜೂನ್‌ನಲ್ಲೇ ಬೇಕು. ಮೇಸ್ತ್ರಿಯ ಮುಂಗಡ ಗೆಲ್ಲುವುದು ಇಲ್ಲೇ. ನಾವು ಕೆಲವು ಶಿಕ್ಷಕರು, ಕೆಲಸದಲ್ಲಿರುವ ಹಳೆ ವಿದ್ಯಾರ್ಥಿಗಳು ಸೇರಿ ಒಂದು ಕೈಗಡದ ನಿಧಿ ಮಾಡಿದೆವು. ಊರಿನ ಮಹಿಳಾ ಸಂಘದವರು ಅದರ ಲೆಕ್ಕ ಇಡುತ್ತಾರೆ. ಜೂನ್‌ನಲ್ಲಿ ಕೊಡುತ್ತಾರೆ, ಸ್ಕಾಲರ್‌ಶಿಪ್ ಬಂದಾಗ ವಾಪಸ್ ತೆಗೆದುಕೊಳ್ಳುತ್ತಾರೆ. ಬಡ್ಡಿ ಇಲ್ಲ. ದಾನ ಮಾಡಿ ಎಂದು ಕೆಲವರು ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ಕೈಗಡ ಎಂದಾಗ ಅಪ್ಪಂದಿರು ಸಂಕೋಚವಿಲ್ಲದೆ ಬಂದು ಕೇಳುತ್ತಾರೆ, ತಾವಾಗಿ ತಂದು ಕೊಡುತ್ತಾರೆ. ಅದೇ ದುಡ್ಡು ಮುಂದಿನ ಮಗುವಿಗೆ ಹೋಗುತ್ತದೆ.

ಸೇರಿಸಿದ ಮೇಲೆ ಮೊದಲ ತಿಂಗಳು ಕಷ್ಟ. ಮಾತಿನ ಧಾಟಿ ಕೇಳಿ ಪಟ್ಟಣದ ಹುಡುಗರು ನಗುತ್ತಾರೆ. ಭಾನುವಾರ ಊರಿಗೆ ಬಂದವನು ಸೋಮವಾರ ಬಸ್ ಹತ್ತುವುದಿಲ್ಲ. ಎರಡನೇ ವರ್ಷದ ಒಬ್ಬೊಬ್ಬರಿಗೆ ಮೊದಲ ವರ್ಷದ ಇಬ್ಬರು ಮೂವರನ್ನು ಒಪ್ಪಿಸುತ್ತೇವೆ. ಊರಿಗೆ ಬರುವುದೂ ಒಟ್ಟಿಗೆ, ಹೋಗುವುದೂ ಒಟ್ಟಿಗೆ. ಯಾರಾದರೂ ಬರಲಿಲ್ಲ ಎಂದರೆ ಆ ಸಂಜೆಯೇ ನನಗೆ ಫೋನ್ ಬರುತ್ತದೆ.

ಮೊದಲು ಒಂದು ಬ್ಯಾಚಿನಿಂದ ಒಬ್ಬರೋ ಇಬ್ಬರೋ ಕಾಲೇಜು ನೋಡುತ್ತಿದ್ದರು. ಈಗ ಪಾಸಾದವರಲ್ಲಿ ಹೆಚ್ಚಿನವರು ಹನೂರಿನಲ್ಲೋ ಕೊಳ್ಳೇಗಾಲದಲ್ಲೋ ಪಿಯುಸಿ ಸೇರುತ್ತಾರೆ. ಡಿಗ್ರಿಗೆ ಹೋಗುವವರು ಅದರಲ್ಲಿ ಅರ್ಧಕ್ಕೂ ಕಮ್ಮಿ. ಅಲ್ಲಿ ಮತ್ತೆ ಅದೇ ಎರಡು ತಿಂಗಳ ತೊಂದರೆ, ಅದರ ಜೊತೆಗೆ ಡಿಗ್ರಿ ಸೇರಲು ತುಂಬಬೇಕಾದ ಯುಯುಸಿಎಂಎಸ್ ಪೋರ್ಟಲ್‌ನ ಆನ್‌ಲೈನ್ ಅರ್ಜಿ. ಹತ್ತನೇ ಕ್ಲಾಸಿನ ಮಕ್ಕಳಿಗೆ ಮಾಡಿದ್ದನ್ನೇ ಈಗ ದ್ವಿತೀಯ ಪಿಯುಸಿಯವರಿಗೂ ಮಾಡುತ್ತಿದ್ದೇವೆ. ಕಾಡು ಬಲ್ಲ ಹುಡುಗರಿಗೆ ಫಾರೆಸ್ಟ್ ಗಾರ್ಡ್ ಆಗಲು ಪಿಯುಸಿ ಬೇಕು ಎಂದರೆ ತಕ್ಷಣ ಮನಸ್ಸಿಗೆ ಹತ್ತುತ್ತದೆ. ಡಿಗ್ರಿಗೆ ಅಷ್ಟು ಸುಲಭದ ಉತ್ತರ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಸಮುದಾಯದ ಸಿ. ಮಾದೇಗೌಡ ಅವರು ಪಿಎಚ್‌ಡಿ ಮಾಡಿದ್ದನ್ನು ಕ್ಲಾಸಿನಲ್ಲಿ ಹೇಳುತ್ತೇನೆ. ಆದರೆ ಮಕ್ಕಳು ಹೆಚ್ಚು ಕಿವಿಗೊಡುವುದು ಪಕ್ಕದ ಪೋಡಿನಿಂದ ಹೋಗಿ ಈಗ ಕೊಳ್ಳೇಗಾಲದಲ್ಲಿ ಬಿಎ ಓದುತ್ತಿರುವ ಅಕ್ಕನ ಮಾತಿಗೆ. ಅವಳನ್ನು ವರ್ಷಕ್ಕೊಮ್ಮೆ ಶಾಲೆಗೆ ಕರೆಸುತ್ತೇವೆ.

ಈ ವರ್ಷ ಬಾಕಿ ಇರುವುದು ಬಸ್ಸಿನ ಕೆಲಸ. ಬೆಳಗಿನ ಬಸ್ಸು ಹನೂರು ಮುಟ್ಟುವ ಹೊತ್ತಿಗೆ ಮೊದಲ ಪೀರಿಯಡ್ ಮುಗಿದಿರುತ್ತದೆ. ಹಾಸ್ಟೆಲ್ ಸಿಗದೆ ಮನೆಯಿಂದಲೇ ಓಡಾಡುವ ಮಕ್ಕಳು ಹಾಜರಾತಿ ಸಾಲದೆ ಬಿಡುತ್ತಿದ್ದಾರೆ. ಒಂದು ಗಂಟೆ ಮೊದಲು ಬಸ್ ಬಿಡಿ ಎಂದು ತಾಯಂದಿರೇ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ ಡಿಪೋಗೆ ಅರ್ಜಿ ಕೊಟ್ಟಿದ್ದಾರೆ. ಮುಂದಿನ ವಾರ ಅವರ ಜೊತೆ ನಾನೂ ಹೋಗುತ್ತಿದ್ದೇನೆ.