ಕೆಂಚನ ಮುಂಗಾಲಲ್ಲಿ ಸಿಕ್ಕಿದ ಹದಿನೈದು ಅಂಕಿ

ದೀಪಾವಳಿ ಕಳೆದು ಐದನೇ ದಿನ ಸಂಜೆ ಆಟೋದವರೊಬ್ಬರು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಒಂದು ನಾಯಿಯನ್ನು ಮೈಸೂರಿನ ನನ್ನ ಕ್ಲಿನಿಕ್ಕಿಗೆ ತಂದರು. ಇಲವಾಲದ ಹತ್ತಿರ ರಸ್ತೆ ಪಕ್ಕ ಬಿದ್ದಿತ್ತಂತೆ. ಕಂದು ಬಣ್ಣದ ನಾಟಿ ನಾಯಿ, ಹಿಂಗಾಲಿಗೆ ಗಾಯ, ಕುತ್ತಿಗೆಯಲ್ಲಿ ಬೆಲ್ಟ್ ಇಲ್ಲ. ಒಂದು ಕಿವಿಯ ತುದಿ ಕತ್ತರಿಸಿತ್ತು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೀದಿನಾಯಿಗೆ ಮಾಡುವ ಗುರುತು ಅದು.

"ಬೀದಿದೇ ಸಾರ್. ನೋಡಿಕೊಂಡು ಹೋಗಕ್ಕೆ ಮನಸ್ಸಾಗ್ಲಿಲ್ಲ, ಎತ್ಕೊಂಡ್ ಬಂದೆ" ಅಂದರು.

ನಾನೂ ಹಾಗೇ ಅಂದುಕೊಂಡೆ. ಆದರೆ ಗಾಯ ತೊಳೆಯಲು ನಮ್ಮ ಹುಡುಗ "ಕೂತ್ಕೋ" ಅಂದಾಗ, ಅಷ್ಟು ನೋವಲ್ಲೂ ಅದು ಕೂತು ಮುಂಗಾಲು ಎತ್ತಿ ಅವನ ಕೈಗೆ ಕೊಟ್ಟಿತು. ಇದನ್ನು ಯಾರೋ ಮುದ್ದಿನಿಂದ ಸಾಕಿದ್ದಾರೆ ಎಂದು ಆಗ ಗೊತ್ತಾಯಿತು.

ಸಾಕುಪ್ರಾಣಿಯ ಮೈಯೊಳಗೆ ಗುರುತಿಗೆಂದು ಹಾಕುವ ಚಿಪ್ಪನ್ನು ಓದುವ ರೀಡರನ್ನು ಡ್ರಾಯರಿನಿಂದ ತೆಗೆದೆ. ಚಿಪ್ ಹಾಕುವುದು ಎರಡು ಹೆಗಲ ಮೂಳೆಗಳ ನಡುವೆ, ಚರ್ಮದ ಕೆಳಗೆ. ಅಲ್ಲಿ ಎರಡು ಸಲ ಆಡಿಸಿದರೂ ಸದ್ದಿಲ್ಲ. ಇನ್ನೇನು ಒಳಗಿಡಬೇಕು, ಯಾಕೋ ಬೆನ್ನಿನಿಂದ ಪಕ್ಕೆಗೆ, ಅಲ್ಲಿಂದ ಭುಜಕ್ಕೆ ನಿಧಾನವಾಗಿ ಇಳಿಸುತ್ತಾ ಹೋದೆ. ಬಲ ಮುಂಗಾಲಿನ ಮೊಣಕೈ ಮೇಲೆ ಬಂದಾಗ ಬೀಪ್ ಎಂದಿತು. ಪರದೆಯಲ್ಲಿ ಹದಿನೈದು ಅಂಕಿ. ಆಟೋದವರು "ಇದಕ್ಕೂ ಆಧಾರ್ ಇದೆಯಾ ಸಾರ್!" ಎಂದು ಬಗ್ಗಿ ನೋಡಿದರು.

ಚಿಪ್ ಕೆಲವೊಮ್ಮೆ ಹಾಕಿದ ಜಾಗ ಬಿಟ್ಟು ಹೀಗೆ ಜಾರುತ್ತದೆ. ಹಾಗಾಗಿ ರೀಡರನ್ನು ಮೈಗೆ ತಾಗುವಷ್ಟು ಹತ್ತಿರ ಹಿಡಿದು, ಹಾವು ಹರಿದಂತೆ ಅಂಕುಡೊಂಕಾಗಿ, ಅವಸರವಿಲ್ಲದೆ ಆಡಿಸಬೇಕು. ಕಬ್ಬಿಣದ ಸರಪಳಿ ಇದ್ದರೆ ಮೊದಲು ಬಿಚ್ಚಬೇಕು. ಚಿಪ್ ಅಂದರೆ ಅಕ್ಕಿಕಾಳಿನಷ್ಟು ಗಾಜಿನ ಕೊಳವೆ, ಉದ್ದ ಸುಮಾರು 12 ಮಿಲಿಮೀಟರ್. ಒಳಗೆ ಬ್ಯಾಟರಿ ಇಲ್ಲ. ರೀಡರಿನಿಂದ ಹೊರಡುವ 134.2 ಕಿಲೋಹರ್ಟ್ಸ್ ತರಂಗವೇ ಅದನ್ನು ಎಬ್ಬಿಸಿ ನಂಬರ್ ಹೇಳಿಸುತ್ತದೆ. "ನಾಯಿ ಎಲ್ಲಿದೆ ಅಂತ ಮೊಬೈಲಲ್ಲಿ ಕಾಣುತ್ತಾ?" ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಕಾಣುವುದಿಲ್ಲ. ಚಿಪ್ಪಿನಲ್ಲಿ ಹೆಸರಿಲ್ಲ, ವಿಳಾಸವಿಲ್ಲ, ಇರುವುದು ನಂಬರ್ ಒಂದೇ. ಆ ನಂಬರಿನ ಎದುರು ಯಾರಾದರೂ ಮನೆಯವರ ಫೋನ್ ಬರೆದಿಟ್ಟಿರಬೇಕು.

ಈ ನಾಯಿಯ ವಿಷಯದಲ್ಲಿ ಯಾರೂ ಬರೆದಿರಲಿಲ್ಲ. ನಾನು ಹುಡುಕಿದ ನೋಂದಣಿ ಪಟ್ಟಿಗಳಲ್ಲೆಲ್ಲ ಖಾಲಿ. ಮೊದಲ ಮೂರು ಅಂಕಿಯಿಂದ ತಯಾರಿಸಿದ ಕಂಪನಿ ತಿಳಿಯಿತು. ಅದರ ವಿತರಕರಿಗೆ ಫೋನ್ ಮಾಡಿದೆ. ಆ ಸರಣಿಯ ಚಿಪ್ಪುಗಳು ಹಾಸನದ ಒಂದು ಕ್ಲಿನಿಕ್ಕಿಗೆ ಹೋಗಿದ್ದವು ಎಂದು ಮಾರನೇ ದಿನ ತಿಳಿಸಿದರು. ಅಲ್ಲಿನ ವೈದ್ಯರು ಹಳೇ ರಿಜಿಸ್ಟರ್ ತೆಗೆಸಿ, ಚಿಪ್ಪಿನ ಸ್ಟಿಕ್ಕರ್ ಅಂಟಿಸಿದ್ದ ಪುಟ ಹುಡುಕಿ, ಒಂದು ಮೊಬೈಲ್ ನಂಬರ್ ಕೊಟ್ಟರು. ಆ ಪುಣ್ಯಾತ್ಮರು ಪುಸ್ತಕ ಎಸೆಯದೆ ಇಟ್ಟಿದ್ದರು.

ಫೋನ್ ಎತ್ತಿದವರು ಒಬ್ಬ ಅಮ್ಮ. ಹಾಸನದಿಂದ ಮೈಸೂರಿನ ಬೋಗಾದಿಗೆ ಮನೆ ಬದಲಿಸಿ ಎಂಟು ತಿಂಗಳಾಗಿತ್ತು. ನಾನು "ಕಂದು ಬಣ್ಣದ ನಾಯಿ" ಅನ್ನುವಷ್ಟರಲ್ಲಿ "ಕೆಂಚ ಬದುಕಿದಾನಾ?" ಎಂದರು. ಪಟಾಕಿ ಸದ್ದಿಗೆ ಬೆದರಿ, ಬೆಲ್ಟ್ ಕಿತ್ತುಕೊಂಡು ಗೇಟು ಹಾರಿದ್ದನಂತೆ. ಮುಕ್ಕಾಲು ಗಂಟೆಯಲ್ಲಿ ಬಂದರು. ಬಾಗಿಲಲ್ಲಿ ಅವರ ಚಪ್ಪಲಿ ಸದ್ದಾದದ್ದೇ ಕೆಂಚ ಮೂರು ಕಾಲಲ್ಲಿ ಎದ್ದು ನಿಂತ. ಕುಯ್‌ಗುಡಲೂ ಇಲ್ಲ. ಸೀದಾ ಹೋಗಿ ಅವರ ಸೆರಗಿನೊಳಗೆ ಮೂತಿ ತೂರಿಸಿ ಹಾಗೇ ನಿಂತುಬಿಟ್ಟ.

ಚಿಪ್ ಹಾಕಿಸಿದರೆ ನೋಂದಣಿಯೂ ಆಗಿರುತ್ತದೆ ಎಂದು ಅವರು ತಿಳಿದಿದ್ದರು. ನನ್ನ ಕ್ಲಿನಿಕ್ಕಿನಲ್ಲೂ ಆಗ ಅದೇ ಕಥೆ. ಚಿಪ್ ಹಾಕಿ, ಫಾರಂ ಮನೆಯವರ ಕೈಗೆ ಕೊಟ್ಟು "ತುಂಬಿಬಿಡಿ" ಎಂದು ಕಳಿಸುತ್ತಿದ್ದೆ. ಎಷ್ಟು ಜನ ತುಂಬಿದರೋ ಕೇಳಲೇ ಇಲ್ಲ. ಅದು ನನ್ನ ತಪ್ಪು. ಅಮೆರಿಕದ ಪ್ರಾಣಿ ಆಶ್ರಯಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಪ್ ಇದ್ದ ನಾಯಿಗಳಲ್ಲಿ ಶೇ. 52ರಷ್ಟು ಮನೆ ಸೇರಿದ್ದವು. ಆಶ್ರಯಕ್ಕೆ ಬಂದ ಒಟ್ಟು ಬಿಡಾಡಿ ನಾಯಿಗಳಲ್ಲಿ ಸೇರಿದ್ದು ಶೇ. 22 ಮಾತ್ರ. ಬೆಕ್ಕುಗಳಲ್ಲಿ ಶೇ. 38ಕ್ಕೆ ಎದುರಾಗಿ ಶೇ. 2ಕ್ಕೂ ಕಡಿಮೆ. ಚಿಪ್ ಇದ್ದೂ ಮನೆಯವರು ಸಿಗದಿದ್ದಕ್ಕೆ ದೊಡ್ಡ ಕಾರಣ, ತಪ್ಪಾದ ಇಲ್ಲವೇ ಬಂದ್ ಆದ ಫೋನ್ ನಂಬರ್.

ಈಗ ನೋಂದಣಿ ಮುಗಿಯದೆ ಯಾರನ್ನೂ ಕಳಿಸುವುದಿಲ್ಲ. ಮೊದಲು ಮೈಯೆಲ್ಲ ರೀಡರ್ ಆಡಿಸಿ ಹಳೇ ಚಿಪ್ ಇದೆಯೇ ನೋಡುತ್ತೇನೆ. ಸೂಜಿಯೊಳಗಿನ ಚಿಪ್ಪಿನ ನಂಬರನ್ನೂ ಸ್ಟಿಕ್ಕರನ್ನೂ ತಾಳೆ ನೋಡುತ್ತೇನೆ. ಚರ್ಮ ಎತ್ತಿ ಹಿಡಿದು ಚುಚ್ಚಿ, ಸೂಜಿ ಹೊರತೆಗೆಯುವಾಗ ಆ ಜಾಗವನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಚಿಪ್ ಸೂಜಿಯ ಜೊತೆಗೇ ಈಚೆ ಬಂದು ಕೂದಲಲ್ಲಿ ಸಿಕ್ಕಿಕೊಳ್ಳುತ್ತದೆ. ಸೂಜಿ ಲಸಿಕೆಯದಕ್ಕಿಂತ ದಪ್ಪ, ಆದರೂ ಹೆಚ್ಚಿನ ನಾಯಿಗಳು ಒಮ್ಮೆ ತಿರುಗಿ ನೋಡಿ ಸುಮ್ಮನಾಗುತ್ತವೆ. ಆಮೇಲೆ ಅಲ್ಲೇ ಕೂರಿಸಿ, ಅವರ ಮೊಬೈಲಿನಲ್ಲೇ ನೋಂದಣಿ ಮಾಡಿಸುತ್ತೇನೆ. ಎರಡು ನಂಬರ್ ಬೇಕು: ಒಂದು ಮನೆಯದು, ಒಂದು ಬೇರೆ ಊರಿನ ನೆಂಟರದ್ದು. ಸ್ಟಿಕ್ಕರ್ ಒಂದು ಲಸಿಕೆ ಪುಸ್ತಕಕ್ಕೆ, ಒಂದು ನನ್ನ ರಿಜಿಸ್ಟರಿಗೆ. ಯೂರೋಪಿಗೆ ಹೊರಡುವವರಿಗೆ ಇನ್ನೊಂದು ಮಾತು: ಚಿಪ್ ಮೊದಲು, ರೇಬಿಸ್ ಲಸಿಕೆ ಆಮೇಲೆ. ಚಿಪ್ಪಿಗೂ ಮುಂಚೆ ಹಾಕಿಸಿದ ಲಸಿಕೆಯನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೀದಿಯಿಂದ ತಂದ ನಾಯಿಗೂ ಬೆಕ್ಕಿಗೂ ರೀಡರ್ ಆಡಿಸದೆ ಈಗ ಬೇರೆ ಕೆಲಸ ಶುರು ಮಾಡುವುದಿಲ್ಲ. ವರ್ಷದ ಲಸಿಕೆಗೆ ಬಂದವರ ಚಿಪ್ ಓದಿ, "ಫೋನ್ ನಂಬರ್ ಅದೇನಾ?" ಎಂದು ಕೇಳುತ್ತೇನೆ.

ಕೆಂಚ ಈ ಸಲವೂ ಬಂದಿದ್ದ. ಚಿಪ್ ಇನ್ನೂ ಮೊಣಕೈ ಹತ್ತಿರವೇ ಇದೆ. ಲಸಿಕೆ ಪುಸ್ತಕದ ಮೊದಲ ಪುಟದಲ್ಲೂ ನೋಂದಣಿಯ ಷರಾದಲ್ಲೂ "ಬಲ ಮುಂಗಾಲು ನೋಡಿ" ಎಂದು ಬರೆದಿದ್ದೇನೆ.